ಉಡಚವ್ವನ ಬೀಜದ ಗಡಿಗೆ

ಗಡಿಗೆ ಒಡೆದಿತ್ತು. ಅದರ ಪಕ್ಕದಲ್ಲಿ ಉಡಚವ್ವ ಬಿದ್ದಿದ್ದಳು.

ಹಳೇ ಹುಬ್ಬಳ್ಳಿ ಮುಗಿದು ಹಳ್ಳ ಶುರುವಾಗುವ ಕಡೆ ಅವಳ ತೋಟ. ತೋಟವೆಂದರೆ ಒಂದು ತುಂಡು ಕರಿಮಣ್ಣು, ಒಂದು ಬಾವಿ, ಒಂದು ಮಣ್ಣಿನ ಮನೆ. ಕಾಯಿಪಲ್ಯ ಮಾರಿ ಖಾಲಿ ಬುಟ್ಟಿ ಹೊತ್ತು ಮಧ್ಯಾಹ್ನ ತಿರುಗಿ ಬಂದ ಸೊಸೆ ಯಂಕವ್ವ ಮೊದಲು ನೋಡಿದಳು. ಮುದುಕಿಯ ತಲೆ ಬೀಸುಕಲ್ಲಿನ ಅಂಚಿಗೆ ಬಡಿದಿತ್ತು. ಯಂಕವ್ವ ಆ ತಲೆಯನ್ನು ತೊಡೆಯ ಮೇಲೆತ್ತಿಕೊಂಡು ಸೆರಗಿನಿಂದ ಒತ್ತಿ ಹಿಡಿದಳು.

ಅಷ್ಟರಲ್ಲಿ ಗಂಡ ಯಮನಪ್ಪ ಬಂದ. ತಾಯಿಯನ್ನು ನೋಡಿದ. ಹೆಂಡತಿಯ ಕೈಗೆ ಹತ್ತಿದ ರಕ್ತ ನೋಡಿದ.

"ಬಡದಿ ಅಲ್ಲಾ, ನಮ್ಮವ್ವನ್ನ!" ಎಂದ.

ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಅವನು ಬಗ್ಗಿ ನೋಡಲಿಲ್ಲ. ಉಸಿರಾಡುತ್ತಿದ್ದಳು. ಎತ್ತಿನ ಚಕ್ಕಡಿ ಕರೆಸಿ ಮುದುಕಿಯನ್ನು ದವಾಖಾನೆಗೆ ಕಳಿಸಿದ್ದು ಯಂಕವ್ವನೇ. ಆ ಹೊತ್ತಿನಲ್ಲಿ ಯಮನಪ್ಪ ಪೊಲೀಸರನ್ನು ಕರೆತಂದ.

ಫೌಜದಾರ ಬಿಂದುಮಾಧವ ಚಹಾ ಆರುವುದರೊಳಗೆ ಕೇಸು ಮುಗಿಸುವವ. ಅವನ ಹಿಂದೆಯೇ ಸುಲಭಾ ಬಂದಳು. ವಾರಪತ್ರಿಕೆಯೊಂದರ ಮಹಿಳಾ ಪುಟಕ್ಕೆ ಬರೆಯುವವಳು. ಅವಳಿಂದ ಸಂಪಾದಕರು ಬಯಸುತ್ತಿದ್ದದ್ದು ಉಪ್ಪಿನಕಾಯಿ ಹಾಕುವ ವಿಧಾನ. ನಲವತ್ತೈದು ದಾಟಿದ, ಮದುವೆಯಾಗದ, ತಿರಸ್ಕಾರವನ್ನು ಕನ್ನಡಕದ ಹಾಗೆ ಮುಖದ ಮೇಲೆ ಸದಾ ಇಟ್ಟುಕೊಂಡ ಹೆಂಗಸು. ಉಡಚವ್ವನ ಹಸಿರು ಬದನೆಯ ಬಗ್ಗೆ ಬರೆಯೋಣವೆಂದು ಆ ದಿನ ಹೊರಟಿದ್ದಳು. ದಾರಿಯಲ್ಲಿ ಪೊಲೀಸ್ ಗಾಡಿ ಕಂಡಿತು. ಫೌಜದಾರ ಅವಳ ತಮ್ಮನ ಗೆಳೆಯ, ಚಿಕ್ಕವನಿದ್ದಾಗ ಅವಳ ಕೈಲಿ ಗಣಿತಕ್ಕೆ ಪೆಟ್ಟು ತಿಂದವ. ಬರಬೇಡ ಅನ್ನುವ ಧೈರ್ಯ ಅವನಿಗಿರಲಿಲ್ಲ.

"ಅತ್ತಿ-ಸೊಸಿ ಜಗಳ, ಸುಲಭಕ್ಕಾ. ಇದರಾಗ ಪತ್ತೆ ಮಾಡೂದು ಏನೂ ಇಲ್ಲ."

"ಗಡಿಗಿ ಯಾಕ ಒಡದದ?"

"ಬೀಜದ ಸಂಬಂಧ ಜಗಳ ಅಂತ. ಬದನಿ ಬೀಜ! ಇನ್ನ ಮುಂದ ಕೊತ್ತಂಬರಿ ಸಂಬಂಧ ಖೂನಿ ಆಗ್ತಾವ ನೋಡು."

ಗಡಿಗೆ ತೂಗುಹಾಕಲು ತೊಲೆಗೆ ಕಟ್ಟಿದ ನೆಲುವು ಖಾಲಿ ತೂಗುತ್ತಿತ್ತು. ನೆಲದ ತುಂಬ ಬೂದಿ. ಬೀಜ ಕೆಡದಿರಲೆಂದು ಬೂದಿಯಲ್ಲಿ ಬೆರೆಸಿ ಇಡುತ್ತಾರೆ. ಬೂದಿ ಇತ್ತು, ಬೀಜ ಇರಲಿಲ್ಲ. ಗಡಿಗೆಯ ಬಾಯಿಗೆ ಕಟ್ಟಿದ ಅರಿವೆಯೂ ಇರಲಿಲ್ಲ. ಸುಲಭಾ ಕೂತು ಬೀಸುಕಲ್ಲಿನ ಸಂದಿಯಲ್ಲಿ ಬೆರಳಾಡಿಸಿದಳು. ಬೂದುಬಣ್ಣದ, ಒರಟು, ಮೂಲೆಮೂಲೆಯ ನಾಲ್ಕಾರು ಕಾಳು ಸಿಕ್ಕವು. ಕರವಸ್ತ್ರದ ತುದಿಗೆ ಗಂಟು ಹಾಕಿಕೊಂಡಳು.

ಪೇದೆ ಯಂಕವ್ವನ ಗಂಟು ಬಿಚ್ಚಿ ನೆಲಕ್ಕೆ ಸುರಿದ. ಮರುದಿನ ತಂಗಿಯ ಮದುವೆಗೆ ತವರಿಗೆ ಹೊರಡಲು ಕಟ್ಟಿಟ್ಟ ಗಂಟು. ಒಂದು ಸೀರೆ, ಒಂದಿಷ್ಟು ಬಳೆ, ಹಳದಿ ಅರಿವೆಯಲ್ಲಿ ಸುತ್ತಿದ ಒಂದು ಕುಳ್ಳು.

"ಸಾಹೇಬ್ರ, ಸೆಗಣಿ ಕುಳ್ಳು!" ಪೇದೆ ಹೊಟ್ಟೆ ಹಿಡಿದು ನಕ್ಕ. "ತವರಿಗೆ ಉಡುಗೊರಿ ಒಯ್ಯಾಕತ್ತಾಳ್ರೀ!"

ಬಿಂದುಮಾಧವನೂ ನಕ್ಕ. ಯಮನಪ್ಪ ನಗಲಿಲ್ಲ, ನಾಚಿಕೊಂಡ. ಯಂಕವ್ವ ಆ ಕುಳ್ಳಿನ ಮೇಲಿಂದ ಕಣ್ಣು ಕೀಳಲಿಲ್ಲ. ಸುಲಭಾ ಅದನ್ನು ಗಮನಿಸಿದಳು.

"ಮಧ್ಯಾಹ್ನ ಎಲ್ಲಿದ್ದಿ?" ಫೌಜದಾರ ಕೇಳಿದ.

"ವಿದ್ಯಾನಗರದಾಗ್ರಿ. ವಕೀಲ ದತ್ತು ಸಾಹೇಬರ ಹಿತ್ತಲದಾಗ. ಅಮ್ಮಾರು ಕುಂದರ್ಸಿದ್ರು."

"ಯಾಕ?"

"ಗೊತ್ತಿಲ್ರಿ. ಮಜ್ಜಿಗಿ ಕೊಟ್ರು. ಸಾಹೇಬರು ಬರೂತನಕಾ ಕುಂದ್ರು ಅಂದ್ರು. ಅವರು ಬಂದ್ರು, ನನ್ನ ಕಡೆ ನೋಡದ ಒಳಗ ಹ್ವಾದ್ರು. ಅಮ್ಮಾರು ಇನ್ನ ಹೋಗು ಅಂದ್ರು, ಬಂದೆ."

ಪೇದೆ ಸೈಕಲ್ ಮೇಲೆ ವಿದ್ಯಾನಗರಕ್ಕೆ ಹೋಗಿ ಬಂದ. "ಇವತ್ತ ಆಕಿ ಬಂದೇ ಇಲ್ಲ ಅಂದ್ರರೀ. ವಕೀಲರೂ ಅಂದ್ರು, ಅವರ ಮನಿಯವರೂ ಅಂದ್ರು."

"ಅಮ್ಮಾರೂ ಹಂಗಂದ್ರಾ?" ಯಂಕವ್ವ ಒಂದೇ ಸಲ ಕೇಳಿದಳು.

* * *

ಉಡಚವ್ವನ ಬದನೆಗೆ ಹೆಸರಿತ್ತು. ಹಸಿರು ಮೈ, ಬಿಳಿ ಗೀರು, ಎಣಗಾಯಿ ಮಾಡಿದರೆ ಬೆಣ್ಣೆಯಂತೆ ಕರಗುವುದು. ಕಾಯಿ ಯಾರು ಬೇಕಾದರೂ ಕೊಳ್ಳಬಹುದಿತ್ತು. ಬಲಿಯುವ ಮೊದಲೇ ಕಿತ್ತ ಕಾಯಿಯಿಂದ ಸಸಿ ಏಳುವುದಿಲ್ಲ. ಹಣ್ಣಾಗಲು ಗಿಡದಲ್ಲೇ ಬಿಟ್ಟ ಬೀಜದ ಕಾಯಿ ಮಾತ್ರ ಉಡಚವ್ವನ ಕೈ ದಾಟುತ್ತಿರಲಿಲ್ಲ. ಅವಳ ಮನೆಯಲ್ಲಿ ಬೀಜ ಹೆಣ್ಣಿನ ಉಡಿಯಿಂದ ಹೆಣ್ಣಿನ ಉಡಿಗೆ ಹೋಗುತ್ತಿತ್ತು. ಕೇಳಲು ಬಂದವಳು ತನ್ನ ಉಡಿಯಲ್ಲಿ ತನ್ನ ಬೀಜ ತರಬೇಕು. ಒಬ್ಬಳು ಹೀರೆ ತಂದರೆ ಬದನೆ ಒಯ್ದಳು, ಇನ್ನೊಬ್ಬಳು ಹಕ್ಕರಿಕೆ ಸೊಪ್ಪಿನದು ತಂದರೆ ಸೌತೆ ಒಯ್ದಳು. ಹಳ್ಳದ ದಂಡೆಯ ತೋಟಗಳೆಲ್ಲ ಹೀಗೇ ಹಸಿರಾಗಿದ್ದವು. ಗಂಡಸರು ನೀರು ಹಾಯಿಸುತ್ತಿದ್ದರು, ಬೀಜ ಮುಟ್ಟುತ್ತಿರಲಿಲ್ಲ.

ಬೀಜ ಕೇಳಿ ಬೈಸಿಕೊಂಡವರಲ್ಲಿ ಬೀಜದಂಗಡಿಯ ಕಮರುದ್ದೀನ ಮೊದಲಿಗ. ಸುಲಭಾ ಅವನ ಅಂಗಡಿಗೆ ಹೋದಳು. ಅವನು ಮೂಲಂಗಿ ಬೀಜ ಮೊರಕ್ಕೆ ಸುರಿದು ಹೊಟ್ಟು ಊದುತ್ತಿದ್ದ.

"ಕೇಳಿದ್ದು ಖರೇ, ಬಾಯಿ. ಪ್ರತಿ ವರ್ಷ ಕೇಳ್ತೇನಿ. ಹೋದ ವಾರ ಕಸಬರಿಗಿ ತಗೊಂಡು ಬೆನ್ನ ಹತ್ತಿದಳು."

"ಆ ಸಿಟ್ಟಿಗೆ ಹೋಗಿ ಗಡಿಗಿ ಒಡದ್ರಿ?"

"ಗಡಿಗಿ?" ಕಮರುದ್ದೀನ ಮೊರ ಕೆಳಗಿಟ್ಟ. "ಬದನಿ ಬೀಜಕ್ಕ ಗಡಿಗಿ ಯಾಕ ಒಡೀಲಿ? ಕಳುವು ಮಾಡಾಂವಿದ್ರ ನಾ ಗ್ವಾಡಿಗೆ ಕೈ ಹಾಕ್ತಿದ್ದೆ." ತಟ್ಟನೆ ಮಾತು ನಿಲ್ಲಿಸಿದ. ಹೆಚ್ಚು ಮಾತಾಡಿದೆನೆಂದು ಅವನಿಗೇ ಅನಿಸಿತು.

"ಗೋಡಿಗೆ? ಗೋಡ್ಯಾಗ ಏನದ?"

"ಹೋಗ್ರಿ ಬಾಯಿ. ವ್ಯಾಪಾರದ ಮಾತು ಎಲ್ಲಾ ಪೇಪರಿಗೆ ಹೇಳೂದಲ್ಲ."

ಸುಲಭಾ ಕರವಸ್ತ್ರದ ಗಂಟು ಬಿಚ್ಚಿದಳು. ಅವನು ಕಾಳು ನೋಡಿ ನಕ್ಕೇಬಿಟ್ಟ. "ಪುಂಡಿ ಬೀಜ! ಇದನ್ನ ಕದ್ದಾನಾ? ಇದು ಎಲ್ಲಾರ ಹೊಲದ ಬದುವಿನ್ಯಾಗ ಬೀಳ್ತದ. ನನ್ನ ಕೇಳಿದ್ರ ಪುಕ್ಕಟ ಕೊಡ್ತಿದ್ದೆ."

ಪುಂಡಿಯ ಹುಳಿಸೊಪ್ಪು ತಿಂದಿದ್ದರೂ ಸುಲಭಾಳಿಗೆ ಅದರ ಬೀಜದ ಗುರುತಿರಲಿಲ್ಲ. ಆದರೆ ಇದು ಬದನೆಯದಲ್ಲ ಎಂದು ನೆಲದಿಂದ ಆರಿಸಿದಾಗಲೇ ಗೊತ್ತಾಗಿತ್ತು. ಈಳಿಗೆಮಣೆಯ ಮುಂದೆ ಕೂತ ಯಾವ ಹೆಂಗಸಿಗೂ ಬದನೆಯ ಬೀಜ ತನ್ನ ಉಗುರಿನಷ್ಟೇ ಪರಿಚಿತ. ಚಪ್ಪಟೆ, ತೆಳು, ಹಳದಿ. ಕತ್ತರಿಸಿದಾಗಲೆಲ್ಲ ಬೆರಳಿಗೆ ಅಂಟುವುದು.

* * *

ಮೂರನೆಯ ದಿನವೂ ಠಾಣೆಯಲ್ಲಿ ಯಂಕವ್ವ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅತ್ತೆಗೆ ಎಚ್ಚರ ಬಂದಿಲ್ಲವೆಂದು ಯಾರೋ ಹೇಳಿದ್ದರು. ಮುದುಕಿ ಸತ್ತರೆ ಇವಳ ಮೇಲೆ ಕೊಲೆ ಬೀಳುತ್ತದೆ. ಬದುಕಿ ಮಾತಾಡದಿದ್ದರೆ ಜೈಲು. ಎರಡೂ ಅಲ್ಲದಿದ್ದರೂ ಯಮನಪ್ಪ ಮನೆಗೆ ಸೇರಿಸುವುದಿಲ್ಲವೆಂದು ಓಣಿಯ ನಡುವೆ ನಿಂತು ಸಾರಿಯಾಗಿತ್ತು.

ಸುಲಭಾ ಮೇಜಿನ ಮೇಲಿದ್ದ ಕುಳ್ಳನ್ನು ಎತ್ತಿಕೊಂಡಳು. ಉರಿಸುವ ಕುಳ್ಳಿಗಿಂತ ತೆಳ್ಳಗಿತ್ತು. ಒಂದು ಮಗ್ಗಲು ಗೋಡೆಯ ಗುರುತು, ಇನ್ನೊಂದು ಮಗ್ಗಲು ಐದು ಬೆರಳಿನ ಗುರುತು.

"ಯಂಕವ್ವಾ, ಇದರ ಒಂದು ಅಂಚು ನೀರಾಗ ಹಾಕ್ಲೇನು?"

ಯಂಕವ್ವ ಧಡಕ್ಕನೆ ಎದ್ದಳು. "ಎಲ್ಲಾ ಹಾಕಬ್ಯಾಡ್ರಿ ಯಕ್ಕಾರ! ನನ್ನ ತಂಗಿ ಉಡಿ ಐತಿ ಅದು."

ಸುಲಭಾ ಚಿಟಿಕೆಯಷ್ಟು ಮುರಿದು ತಂಬಿಗೆಯ ನೀರಿಗೆ ಹಾಕಿದಳು. ಸೆಗಣಿ ಬಿಚ್ಚಿಕೊಂಡಿತು. ಬೆರಳಿಂದ ತಿಕ್ಕಿದಳು. ಚಪ್ಪಟೆ, ತೆಳು, ಹಳದಿ ಬೀಜ ಬೆರಳಿಗೆ ಅಂಟಿದವು.

"ಹಣ್ಣಾದ ಕಾಯಿ ಹಿಚುಕಿ, ಬೂದಿ-ಸೆಗಣ್ಯಾಗ ಕಲಸಿ ಗ್ವಾಡಿಗೆ ಬಡೀತೇವ್ರಿ," ಯಂಕವ್ವ ನೆಲ ನೋಡುತ್ತ ಹೇಳಿದಳು. "ಹುಳಾ ಹತ್ತೂದಿಲ್ಲ, ಇಲಿ ಮುಟ್ಟೂದಿಲ್ಲ. ಅತ್ತಿ ತಾನ ತಗದು ಕೊಟ್ಟಳು. ನಿನ್ನ ತಂಗೀಗೆ ಒಯ್ಯಿ, ಅಲ್ಲಿಂದ ಮೆಣಸಿನ ಬೀಜ ತಾ ಅಂದಳು."

"ಇದನ್ನ ಅವತ್ತ ಹೇಳಬಾರದಿತ್ತು?" ಬಿಂದುಮಾಧವ ರೇಗಿದ.

"ಹೇಳಿದ್ರ ಏನಂತಿದ್ರಿ ಸಾಹೇಬ್ರ? ಕಳುವಿನ ಮಾಲ ಸಿಕ್ತು ಅಂತಿದ್ರಿ. ಕುಳ್ಳು ಅಂದ್ರ ನಗತೀರಿ, ಅಷ್ಟ."

ಬಿಂದುಮಾಧವ ಟೋಪಿ ಸರಿಮಾಡಿಕೊಂಡ.

"ಬೀಜ ಆಕಿ ಗಂಟಿನ್ಯಾಗ ಇತ್ತು, ಬಿಂದು," ಸುಲಭಾ ಹೇಳಿದಳು. "ಗಡಿಗಿ ಯಾಕ ಒಡೀತಾಳ?"

"ಸಿಟ್ಟು. ಜಗಳ. ಹೆಂಗಸ್ರ ಬುದ್ಧಿ."

"ಗಂಡಸ್ರ ಬುದ್ಧಿ ಎಷ್ಟದ ಅಂತ ಉಡಚವ್ವನ ಗೋಡಿ ಮ್ಯಾಲ ಕಾಣ್ತದ. ಇನ್ನೂ ಮೂರು ಕುಳ್ಳು ಅಲ್ಲೇ ಅವ. ನಿಮ್ಮ ಪೇದೆ ಒಂದಕ್ಕ ಟೋಪಿ ಸಿಗಿಸಿದ್ದ."

ಆಗ ಬೂಟಿನ ಸಪ್ಪಳವಾಯಿತು. ವಕೀಲ ದತ್ತು ಬಂದರು. ಇಸ್ತ್ರಿ ಮಾಡಿದ ಕೋಟು, ಅತ್ತರಿನ ವಾಸನೆ. ಹೋದ ವರ್ಷ ಕಾಯಿಪಲ್ಯ ಪ್ರದರ್ಶನದಲ್ಲಿ ಹಸಿರು ಬದನೆಗೆ ಮೊದಲ ಬಹುಮಾನ ಗೆದ್ದ ಪ್ರಗತಿಪರ ತೋಟಗಾರ. ಸುಲಭಾ ಆ ದಿನ ವರದಿಗೆ ಹೋಗಿದ್ದಳು. ಫೋಟೋಗೆಂದು ಅವರು ಬದನೆಕಾಯಿಯ ತೊಟ್ಟನ್ನು ಗಟ್ಟಿಯಾಗಿ ಹಿಡಿದಿದ್ದರು. ಮುಳ್ಳು ಚುಚ್ಚಿ "ಅಯ್ಯಯ್ಯೋ" ಎಂದಿದ್ದರು. ತೊಟ್ಟಿಗೆ ಮುಳ್ಳಿರುತ್ತದೆಂದು ಪ್ರಗತಿಪರ ತೋಟಗಾರರಿಗೆ ಅಂದೇ ತಿಳಿದದ್ದು.

"ಪಾಪ, ಬಡವಿ," ದತ್ತು ಯಂಕವ್ವನ ಕಡೆ ಕೈ ಬೀಸಿದರು. "ನೋಡವಾ, ತಪ್ಪು ಒಪ್ಪಿಕೊ. ನಾನೇ ಪುಕ್ಕಟ ವಕೀಲಕಿ ಮಾಡ್ತೇನಿ. ಶಿಕ್ಷಾ ಕಡಿಮಿ ಮಾಡಸ್ತೇನಿ."

"ನಾ ನಿಮ್ಮ ಹಿತ್ತಲದಾಗ ಇದ್ದೆನಲ್ರಿ, ಸಾಹೇಬ್ರ."

"ನೋಡ್ರಿ ಫೌಜದಾರ್ರ. ಇವರಿಗೆ ಉಪಕಾರ ಮಾಡ್ಲಿಕ್ಕೆ ಹೋದ್ರ ಹೀಂಗ."

ಸುಲಭಾ ಮೃದುವಾಗಿ ಕೇಳಿದಳು. "ಈ ಸಲನೂ ಬದನಿ ಹಾಕೀರೇನು, ವಕೀಲರ?"

ದತ್ತು ಅರಳಿದರು. "ಮೊನ್ನೇನ ಸಸಿ ಮಡಿ ಹಾಕೇನಿ. ಶ್ರಾವಣದಾಗ ಅಧಿಕಾರಿಗಳು ಗಿಡಾ ನೋಡ್ಲಿಕ್ಕೆ ಬರ್ತಾರ. ತಳಿಗೆ ನನ್ನ ಹೆಸರು ಇಡೋದದ."

"ಬೀಜ?"

"ಹೋದ ವರ್ಷದ ನನ್ನ ಬಹುಮಾನದ ಕಾಯಿದು. ಸ್ವತಃ ನನ್ನ ಕೈಯಾರೆ ತಗದು ಇಟ್ಟಿದ್ದೆ."

"ಛಲೋ ಆತು. ಸಸಿ ಎದ್ದ ಮ್ಯಾಲ ಹೇಳ್ರಿ, ನಮ್ಮ ಪುಟಕ್ಕ ಬರೀತೇನಿ."

ಅವರು ಹೋದ ಮೇಲೆ ಬಿಂದುಮಾಧವ ಕೇಳಿದ. "ಯಾಕ ನಗತೀ?"

"ಸಾಕ್ಷಿ ಇನ್ನೂ ಮೊಳತಿಲ್ಲ, ಬಿಂದು. ಒಂದೆರಡು ಮಳಿ ಬೀಳ್ಲಿ."

* * *

ಮಿರಗದ, ಅಂದರೆ ಮೃಗಶಿರದ, ಮಳೆ ಚೆನ್ನಾಗಿಯೇ ಬಿತ್ತು. ಯಂಕವ್ವನ ತಂಗಿಯ ಮದುವೆ ಅವಳಿಲ್ಲದೆ ಆಗಿಹೋಯಿತು. ಉಡಚವ್ವ ಕಣ್ಣು ಬಿಟ್ಟಳು, ಮಾತು ಬರಲಿಲ್ಲ. ವಕೀಲರಿಂದ ಆಮಂತ್ರಣ ಬಂತು. ಸುಲಭಾ ಫೌಜದಾರನನ್ನೂ ಕರೆದುಕೊಂಡು ವಿದ್ಯಾನಗರಕ್ಕೆ ಹೋದಳು.

ಹಿತ್ತಲ ಬಾಗಿಲಲ್ಲಿ ವಕೀಲರ ಹೆಂಡತಿ, ಇಂದು ಎಂಬವಳು, ನಿಂತಿದ್ದಳು. ಕಾಯಿಪಲ್ಯದ ಹೆಂಗಸೊಬ್ಬಳು ಮೆಟ್ಟಿಲ ಕೆಳಗೆ ಬುಟ್ಟಿ ಇಟ್ಟು ಹಿಂದೆ ಸರಿದಿದ್ದಳು. ಇಂದು ತಂಬಿಗೆಯಿಂದ ಸೌತೆಕಾಯಿಯ ಮೇಲೆ ನೀರು ಚಿಮುಕಿಸಿ, ಶುದ್ಧ ಮಾಡಿಕೊಂಡು, ಆಮೇಲೆ ಎತ್ತಿಕೊಂಡಳು. ಉಡಚವ್ವನ, ಯಂಕವ್ವನ ಬುಟ್ಟಿಗೂ ಇಷ್ಟು ವರ್ಷ ಹೀಗೇ ನೀರು ಬಿದ್ದಿತ್ತು. ಸುಲಭಾಳನ್ನು ಕಂಡು ಇಂದು ತಂಬಿಗೆ ಕೆಳಗಿಟ್ಟಳು. ಒಂದು ತಿಂಗಳಲ್ಲಿ ಹತ್ತು ವರ್ಷ ಮುದುಕಿಯಾಗಿದ್ದಳು.

ಇಪ್ಪತ್ತು ವರ್ಷದ ಸಂಸಾರದಲ್ಲಿ ಗಂಡ ಹೇಳಿದ್ದಕ್ಕೆಲ್ಲ ಹೂಂ ಅಂದವಳು ಅವಳು. ಹಾಗೆ ಅನ್ನುವುದು ಸುಲಭ, ಉಸಿರಾಡಿದಷ್ಟು. ಅದಕ್ಕೆ ಮಾತೂ ಬೇಕಿಲ್ಲ, ಮನಸ್ಸೂ ಬೇಕಿಲ್ಲ. ಯಂಕವ್ವ ಬಂದಿರಲಿಲ್ಲ ಅನ್ನು, ಅಂದಿದ್ದರು. ಅಂದಿದ್ದಳು. ಆಮೇಲೆ ಮಾತ್ರ ಆ ಒಂದು ಹೂಂ ಗಂಟಲಲ್ಲೇ ಉಳಿದಿತ್ತು.

"ಇಲ್ಲಿ ಬರ್ರಿ!" ದತ್ತು ಹಿತ್ತಲ ಮೂಲೆಯಿಂದ ಕರೆದರು.

ಏರುಮಡಿ. ಸುತ್ತ ಇಟ್ಟಂಗಿ. ನಡುವೆ ಬಣ್ಣದ ಹಲಗೆ: 'ದತ್ತು ಹಸಿರು ಬದನೆ.' ಹಲಗೆಯ ಕೆಳಗೆ ಸಸಿಗಳು ಒತ್ತಾಗಿ ಎದ್ದು ನಿಂತಿದ್ದವು. ಕೆಂಪು ದಂಟು, ಬೆರಳಿನಂತೆ ಸೀಳಿದ ಎಲೆ.

"ಹ್ಯಾಂಗವ?"

ಬಿಂದುಮಾಧವ ಬಗ್ಗಿ ನೋಡಿ "ಭಾಳ ಛಲೋ ಅವ" ಎಂದ. ಅವನಿಗೂ ಗೊತ್ತಾಗಲಿಲ್ಲ.

"ಇಂದೂಬಾಯಿ," ಸುಲಭಾ ತಿರುಗಿ ಕರೆದಳು, "ಸ್ವಲ್ಪ ಇಲ್ಲಿ ಬರ್ರಿ. ಇವು ಏನು ಸಸಿ?"

"ಆಕಿಗೇನು ಗೊತ್ತು?" ಎಂದರು ದತ್ತು.

ಇಂದು ಬರಲಿಲ್ಲ. ಒಳಗೆ ಹೋದಳು. ಈ ಹೆಂಗಸು ಬಾಯಿ ಬಿಡದಿದ್ದರೆ ಸಸಿಯೊಂದೇ ಸಾಲದು. ಪುಂಡಿ ಎಲ್ಲರ ಬದುವಿನಲ್ಲೂ ಬೆಳೆಯುತ್ತದೆ.

ಇಂದು ಹೊರಗೆ ಬಂದಳು. ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಮಡಚಿದ ಅರಿವೆ. ಬಟ್ಟಲನ್ನು ಇಟ್ಟಂಗಿಯ ಮೇಲಿಟ್ಟಳು.

"ಪುಂಡಿಪಲ್ಯ," ಎಂದಳು. "ನಿನ್ನೆ ಈ ಮಡಿ ಒತ್ತಾಗ್ಯದ ಅಂತ ಸಸಿ ಕಿತ್ತು ಮಾಡಿದ್ದೆ. ಇವರಿಗೆ ಭಾಳ ಸೇರ್ತು. ಎರಡನೇ ಸಲಾನೂ ಹಾಕಿಸಿಕೊಂಡ್ರು. ಎಲ್ಲಿದು ಅಂತ ಕೇಳಲಿಲ್ಲ."

ದತ್ತು ಬಟ್ಟಲು ನೋಡಿದರು. ಮಡಿ ನೋಡಿದರು. ತಟ್ಟೆಗೆ ಬಂದ ಮೇಲೆ ಮಾತ್ರ ಅವರಿಗೆ ಕಾಯಿಪಲ್ಯದ ಗುರುತು ಸಿಗುತ್ತಿತ್ತು.

"ಇದು... ಬೀಜ ಬದಲಾಗ್ಯದ."

"ಎಲ್ಲಿ ಬದಲಾತ್ರಿ?" ಸುಲಭಾ ಕೇಳಿದಳು. "ನಿಮ್ಮ ಕೈಯಾರೆ ಬದನಿಕಾಯಿಯಿಂದ ತಗದಿದ್ರಿ. ಬದನಿಕಾಯಿ ಹೊಟ್ಟ್ಯಾಗ ಪುಂಡಿ ಬೀಜ ಇತ್ತೇನು? ಉಡಚವ್ವನ ಗಡಿಗ್ಯಾಗ ಇತ್ತು. ಬದನಿ ಬೀಜ ಆಕಿ ಗ್ವಾಡಿಗೆ ಇತ್ತು. ಯಂಕವ್ವಗ ಅದು ಗೊತ್ತು, ಕಮರುದ್ದೀನಗ ಗೊತ್ತು. ಅವರಿಬ್ಬರೂ ಗಡಿಗಿ ಮುಟ್ಟೂದಿಲ್ಲ. ಅಡಿಗಿ ಮಾಡೋ ಯಾವ ಹೆಂಗಸಾದ್ರೂ ಬೂದಿ ಒಳಗ ಕೈ ಹಾಕಿದ ಕೂಡಲೆ ಇದು ಬದನಿ ಅಲ್ಲ ಅಂತಿದ್ದಳು. ಹಂಗಾದ್ರ ಕಳ್ಳ ಯಾರು? ಬದನಿಕಾಯಿಗೆ ಬಹುಮಾನ ತಗೊಂಡು, ಜನ್ಮದಾಗ ಒಂದು ಬದನಿಕಾಯಿ ಹೆಚ್ಚದಾಂವ. ಬಹುಮಾನದ ಕಾಯಿನೂ ಉಡಚವ್ವನ ಬುಟ್ಟಿದ. ಈ ವರ್ಷ ಗಿಡಾ ತೋರಿಸೋ ಪ್ರಸಂಗ ಬಂತು. ಬೀಜ ಬೇಕಾತು."

"ನಾನ ಕೇಳ್ಲಿಕ್ಕೆ ಹೋಗಿದ್ದೆ," ಇಂದು ನೆಲ ನೋಡುತ್ತ ಹೇಳಿದಳು. "ನಿಮ್ಮ ಉಡ್ಯಾಗ ಕೊಡಾಕ ಏನೈತಿ ತಾಯಿ, ಅಂದಳು ಮುದುಕಿ. ನನ್ನ ಉಡ್ಯಾಗ ಏನೂ ಇರಲಿಲ್ಲ. ನೆಲುವಿನ ಮ್ಯಾಲ ಗಡಿಗಿ ಕಂಡಿತ್ತು. ಅದರಾಗ ಇರಬೇಕು ಅಂತ ಇವರಿಗೆ ಬಂದು ಹೇಳಿದಾಕಿನೂ ನಾನ."

"ಇಂದೂ, ಒಳಗ ನಡಿ!"

ಅವಳು ನಡೆಯಲಿಲ್ಲ. "ಅವತ್ತ ಯಂಕವ್ವ ಬಂದಿದ್ದಳು. ಇವರು, ನಾ ಬರೋತನಕ ಆಕಿಗೆ ಮಜ್ಜಿಗಿ ಕೊಟ್ಟು ಕೂಡಸು ಅಂದ್ರು. ಇಷ್ಟು ವರ್ಷದಾಗ ಇವರು ಆಕಿಗೆ ಮಜ್ಜಿಗಿ ಕೊಡು ಅಂದಿದ್ದು ಅದ ಮೊದಲು. ಮನಸ್ಸು ಕರಗೇದ ಅಂದುಕೊಂಡೆ. ಮುದುಕಿ ಒಬ್ಬಾಕಿನ ಇರಲಿ ಅಂತ ಮಾಡಿದ್ರು." ಕೈಯಲ್ಲಿದ್ದ ಅರಿವೆ ಬಿಡಿಸಿದಳು. ಹಳೆಯ ಹಳದಿ ಇಳಕಲ್ ಸೀರೆಯ ಚೂರು, ಬೂದಿ ಹತ್ತಿದ್ದು. "ಕೋಟು ಒಗೀಲಿಕ್ಕೆ ತಗೊಂಡಾಗ ಕಿಸೆದಾಗಿತ್ತು. ಒಲಿ ಮುಂದ ಎಂದೂ ಬರದವರ ಕಿಸೆದಾಗ ಬೂದಿ."

ಗಡಿಗೆಯ ಬಾಯಿಗೆ ಕಟ್ಟಿದ್ದ ಆ ಅರಿವೆಯನ್ನು ಬಿಂದುಮಾಧವ ತೆಗೆದುಕೊಂಡ. ಅದರ ಇನ್ನೊಂದು ಅರ್ಧ ಠಾಣೆಯಲ್ಲಿತ್ತು; ಯಂಕವ್ವನ ಕುಳ್ಳು ಅದೇ ಸೀರೆಯ ಹಳದಿ ಚೂರಿನಲ್ಲಿ ಸುತ್ತಿತ್ತು.

"ಕೊಲ್ಲಬೇಕು ಅಂತಿರಲಿಲ್ಲ," ದತ್ತುವಿನ ದನಿ ಇಳಿಯಿತು. "ಮುದುಕಿ ಕೋಟು ಹಿಡಕೊಂಡಳು. ಗಂಡಸು ಬೀಜ ಮುಟ್ಟಬಾರದು ಅಂತ ಒದರಿದಳು. ದೂಡಿದೆ. ಅಷ್ಟ."

"ಅಷ್ಟ," ಎಂದಳು ಸುಲಭಾ. "ಆಮ್ಯಾಲ ಆಕಿ ಸೊಸಿಗೆ ಪುಕ್ಕಟ ವಕೀಲಕಿ."

ಫೌಜದಾರ ಕರೆದೊಯ್ಯುವಾಗ ದತ್ತು ತಿರುಗಿ ನೋಡಿದರು. ಹೆಂಡತಿಯ ಕಡೆಗಲ್ಲ. ಹಲಗೆಯ ಕಡೆ.

* * *

ಎಳ್ಳ ಅಮಾಸೆಯ ಹೊತ್ತಿಗೆ ಉಡಚವ್ವನ ನಾಲಗೆ ಪೂರ್ತಿ ಹೊರಳುತ್ತಿತ್ತು. ಕೋರ್ಟಿನಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿ ಬಂದಿದ್ದಳು. ಈಗ ಕಟ್ಟೆಯ ಮೇಲೆ ಕೂತು ಮಗನನ್ನು ಬೈಯುತ್ತಿದ್ದಳು. ಬಿಡುಗಡೆಯಾಗಿ ತವರಿಗೆ ಹೋಗಿದ್ದ ಹೆಂಡತಿಯನ್ನು ಯಮನಪ್ಪ ಕರೆತರಲು ಹೋದಾಗ ಅವಳು ಬಂದದ್ದು ಅವನ ಮಾತಿಗಲ್ಲ, ಅತ್ತೆ ಹೇಳಿಕಳಿಸಿದ್ದಕ್ಕೆ. ಅದನ್ನು ಅವನಿಗೆ ದಿನಾ ನೆನಪಿಸಲಾಗುತ್ತಿತ್ತು.

ಆ ದಿನ ಸುಲಭಾ ಅಲ್ಲಿದ್ದಳು. ಗೋಡೆಯ ಹೊಸ ಕುಳ್ಳುಗಳನ್ನು ನೋಡುತ್ತಿದ್ದಳು.

ದಾರಿಯಲ್ಲಿ ಇಂದು ಕಂಡಳು, ಒಬ್ಬಳೇ. ಸೆರಗಿನ ಉಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಬಾಗಿಲ ಮುಂದೆ ನಿಂತಳು. ಉಡಿ ಬಿಚ್ಚಿ ತೋರಿಸಿದಳು. ಬೂದುಬಣ್ಣದ ಒರಟು ಕಾಳು. ಹಿತ್ತಲ ಮಡಿಯಲ್ಲಿ ಉಳಿದ ಪುಂಡಿಯನ್ನು ಬೀಜಕ್ಕೆ ಬಿಟ್ಟಿದ್ದಳು.

"ಉಡಿ ತುಂಬಿಸಿಕೊಂಡು ಬಂದೇನಿ," ಎಂದಳು.

ಉಡಚವ್ವ ಸೊಸೆಯ ಕಡೆ ನೋಡಿದಳು. ಜೈಲಿನಲ್ಲಿ ಕೂತವಳು ಅವಳು, ಮಾತೂ ಅವಳದೇ.

"ನಮ್ಮ ಬೀಜ ನಮಗ ತಂದೀರಿ," ಯಂಕವ್ವ ಹೇಳಿದಳು. "ಅದಕ್ಕ ಬದಲಿ ಕೊಡೂದು ಇರೂದಿಲ್ರಿ. ಅಲ್ಲೆ ಮೆಟ್ಟಲಾ ಮ್ಯಾಲ ಸುರೂರಿ."

ಇಂದು ಬಗ್ಗಿ, ಬರಿ ಕಲ್ಲಿನ ಮೇಲೆ, ಒಂದು ಕಾಳೂ ಚೆಲ್ಲದಂತೆ ಸುರಿದಳು. ಹಿಂದೆ ಸರಿದು ನಿಂತಳು.

ಯಂಕವ್ವ ಒಳಗಿನಿಂದ ತಂಬಿಗೆ ತಂದಳು. ತುಂಬ ನೀರಿತ್ತು. ಕಾಳಿನ ಮೇಲೆ ಎತ್ತಿ ಹಿಡಿದಳು. ಆಮೇಲೆ ತಂಬಿಗೆ ಕೆಳಗಿಟ್ಟು, ಕೂತು, ಒಣಗೈಯಿಂದ ಒಂದೊಂದೇ ಹಿಡಿ ಮೊರಕ್ಕೆ ತುಂಬತೊಡಗಿದಳು.

"ತೋಯ್ದ್ರ ಬೀಜ ಕೆಡತೈತ್ರಿ," ಎಂದಳು, ತಲೆ ಎತ್ತದೆ. "ಅದಕ್ಕ ನೀರ ಹಾಕಲಿಲ್ಲ."